ಮಾರಿಶಸ್ಸಿನಲ್ಲಿ ಒಂದು ಹಗಲು

ಮಾರಿಶಸ್ ದ್ವೀಪದ ವಿಸ್ತೀರ್ಣ ಸುಮಾರು 1,865 ಚದರ ಕಿಲೋಮೀಟರ್. ನಮ್ಮ ಕಾಸರಗೋಡು ಜಿಲ್ಲೆಯದು ಅದಕ್ಕಿಂತ ಸ್ವಲ್ಪ ಹೆಚ್ಚು, ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ. ಅಲ್ಲಿಯ ಜನಸಂಖ್ಯೆ ಹನ್ನೆರಡು ಲಕ್ಷಕ್ಕೆ ಮೇಲೆ. ನಮ್ಮದು 2011ರ ಜನಗಣತಿಯಂತೆ ಹದಿಮೂರು ಲಕ್ಷ. ಅಂದರೆ ತಲಪಾಡಿಯಿಂದ ತೃಕ್ಕರಿಪುರದ ವರೆಗಿನ ನಮ್ಮ ನೆಲವನ್ನು ಯಾರೋ ಎತ್ತಿಕೊಂಡು ಹೋಗಿ ಹಿಂದೂ ಮಹಾಸಾಗರದ ನಡುವೆ ಇಟ್ಟು, ಅದಕ್ಕೊಂದು ಧ್ವಜ, ಒಂದು ರೂಪಾಯಿ, ಒಂದು ಪಾರ್ಲಿಮೆಂಟು ಕೊಟ್ಟರೆ ಹೇಗಿರಬಹುದೋ ಹಾಗಿದೆ ಆ ದೇಶ.

ನಮ್ಮ ಸೋದರಳಿಯ ಅಲ್ಲಿಯ ಎಬೆನ್ ಎಂಬ ಪೇಟೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. “ಶಾಲೆಗೆ ರಜೆ ಅಲ್ಲವೇ, ಒಮ್ಮೆ ಬಂದು ಹೋಗಿ” ಎಂದು ಎರಡು ವರ್ಷದಿಂದ ಕರೆಯುತ್ತಿದ್ದ. ಕಳೆದ ಮೇ ತಿಂಗಳಲ್ಲಿ ನಾವು, ನಮ್ಮ ಮನೆಯವರು ಮತ್ತು ಎಂಟನೇ ತರಗತಿ ಮುಗಿಸಿದ ಮಗಳು ಮುಂಬಯಿಯಿಂದ ವಿಮಾನ ಹತ್ತಿದೆವು. ಆರು ಗಂಟೆಯ ಪ್ರಯಾಣ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ.

ಅಲ್ಲಿ ಕಳೆದ ದಿನಗಳಲ್ಲಿ ಒಂದು ದಿನದ ಕಥೆಯನ್ನಷ್ಟೇ ಇಲ್ಲಿ ಹೇಳುತ್ತೇವೆ. ಗುಂಪಿನ ಬಸ್ಸಿನಲ್ಲಿ ಹೋದರೆ ಖರ್ಚು ಕಡಿಮೆ. ಆದರೆ ಅವರು ಇಳಿಯಿರಿ ಎಂದಲ್ಲಿ ಇಳಿದು, ಹತ್ತಿರಿ ಎಂದಾಗ ಹತ್ತಬೇಕು. ಅಳಿಯ ನಮಗಾಗಿ ಒಂದು ಕಾರನ್ನೂ ಮಾರ್ಗದರ್ಶಿಯೂ ಆಗಿರುವ ಚಾಲಕರನ್ನೂ ಗೊತ್ತುಮಾಡಿದ್ದ. ಪೆಟ್ರೋಲು, ಕಾರು ನಿಲ್ಲಿಸುವ ಖರ್ಚು, ಪ್ರವೇಶ ಶುಲ್ಕ ಇವುಗಳಲ್ಲಿ ಯಾವುದು ಯಾರದು ಎಂದು ಮುಂಚಿತವಾಗಿಯೇ ಮಾತಾಗಿತ್ತು. ಹೊರಗೆ ಹೋಗುವವರು ಇದನ್ನು ಮರೆಯಬಾರದು. ಸಂಜೆ ಜಗಳವಾಡುವುದಕ್ಕಿಂತ ಬೆಳಿಗ್ಗೆ ಚೌಕಾಶಿ ಮಾಡುವುದು ಲೇಸು.

ಬೆಂಕಿ ಆರಿದ ಬಾಯಿ

ಬೆಳಿಗ್ಗೆ ಏಳೂವರೆಗೆ ಕಾರು ಬಂತು. ಚಾಲಕರು ಐವತ್ತರ ಆಸುಪಾಸಿನವರು. ಕಪ್ಪು ಮೈಬಣ್ಣ, ಹಣೆಯಲ್ಲಿ ವಿಭೂತಿಯ ಗೆರೆ. ಕಾರಿನಲ್ಲಿ ಪುಟ್ಟ ಮುರುಗನ ಪಟ. ನಾವು ಹಿಗ್ಗಿದೆವು. ಕಾಸರಗೋಡಿನವರಿಗೆ ತಮಿಳು ಅಷ್ಟಿಷ್ಟು ಅರ್ಥವಾಗುತ್ತದೆ. ಮಲೆಯಾಳ ಬೆರೆಸಿದರೆ ಹೇಗೋ ನಡೆಯುತ್ತದೆ. “ಸೌಖ್ಯಮಾ?” ಎಂದು ಕೇಳಿಯೇಬಿಟ್ಟೆವು. ಅವರು ನಾಚಿಕೊಂಡು ನಕ್ಕು, ತನಗೆ ತಮಿಳು ಬಾರದೆಂದು ಇಂಗ್ಲಿಷಿನಲ್ಲಿ ಹೇಳಿದರು. ಹೆಸರು ಮುರುಗನದು, ಮಾತು ಮಾತ್ರ ಕ್ರಿಯೋಲ್. ಫ್ರೆಂಚ್ ಯಜಮಾನರು ಮತ್ತು ಆಫ್ರಿಕದಿಂದ ತಂದ ಗುಲಾಮರ ನಡುವೆ ಹುಟ್ಟಿ, ಇಂದು ಇಡೀ ದ್ವೀಪದ ಮನೆಮಾತಾಗಿರುವ ಭಾಷೆ ಅದು.

ಮೊದಲ ನಿಲ್ದಾಣ ಕ್ಯೂರ್‌ಪಿಪ್ ಪಟ್ಟಣದ ನೆತ್ತಿಯಲ್ಲಿರುವ ‘ತ್ರು ಓ ಸೆರ್’, ಅಂದರೆ ಜಿಂಕೆಗಳ ಗುಂಡಿ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಅಂಚಿನಿಂದ ಅಂಚಿಗೆ 300 ಮೀಟರಿಗೂ ಹೆಚ್ಚು ಅಗಲವಿರುವ ದೊಡ್ಡ ಬೋಗುಣಿ. ಒಳಗೆಲ್ಲ ಮರ, ತಳದಲ್ಲಿ ಸ್ವಲ್ಪ ಕೆಸರು ನೀರು. ಇದು ಆರಿಹೋದ ಜ್ವಾಲಾಮುಖಿಯ ಬಾಯಿ. ಮಾರಿಶಸ್ ಹುಟ್ಟಿದ್ದೇ ಹೀಗೆ. ಎಂಬತ್ತು, ತೊಂಬತ್ತು ಲಕ್ಷ ವರ್ಷಗಳ ಹಿಂದೆ ಕಡಲ ತಳದಿಂದ ಕುದಿಯುವ ಲಾವಾ ಎದ್ದು, ತಣಿದು ಕಪ್ಪು ಬಂಡೆಯಾಗಿ ದ್ವೀಪವಾಯಿತು. ದಾರಿಯ ಕಬ್ಬಿನ ಗದ್ದೆಗಳ ನಡುವೆ ಅಲ್ಲಲ್ಲಿ ಕಪ್ಪು ಕಲ್ಲುಗಳ ದೊಡ್ಡ ರಾಶಿಗಳನ್ನು ಕಂಡು ನಾವು ಹಳೆಯ ಕೋಟೆಯ ಅವಶೇಷವೋ ಎಂದು ಕೇಳಿದ್ದೆವು. ಕೋಟೆಯಲ್ಲ. ಕಬ್ಬು ನೆಡಲು ನೆಲದಿಂದ ಒಂದೊಂದೇ ಕಲ್ಲು ಹೆಕ್ಕಿ ಕೂಲಿಗಳು ಒಟ್ಟಿದ ರಾಶಿ. ನಮ್ಮ ಚಾಲಕರು ಕಾರು ನಿಧಾನ ಮಾಡಿ, “ಇದು ನಮ್ಮ ಹಿರಿಯರ ಕೋಟೆ” ಎಂದರು.

ಇಳಿಯುವ ದಾರಿಯಲ್ಲಿ ಅವರು ಹಡಗಿನ ಮಾದರಿಗಳನ್ನು ಮಾರುವ ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಮರದಲ್ಲಿ ಕಡೆದ ಹಾಯಿ ಹಡಗುಗಳು ಬಲು ಚಂದ. ಬೆಲೆ ಕೇಳಿದರೆ ನಮ್ಮ ಒಂದು ತಿಂಗಳ ಸಂಬಳ. ಬರಿಗೈಯಲ್ಲಿ ಹೊರಗೆ ಬಂದಾಗ, “ಕರೆತಂದರೆ ಅಂಗಡಿಯವರು ನನಗೂ ಏನಾದರೂ ಕೊಡುತ್ತಾರೆ, ಬೇಸರ ಬೇಡ” ಎಂದು ತಾವೇ ಹೇಳಿದರು. ಆ ಪ್ರಾಮಾಣಿಕತೆ ನಮಗೆ ಹಿಡಿಸಿತು. ಆಮೇಲೆ ದಿನವಿಡೀ ಬೇರೆ ಅಂಗಡಿಗೆ ಅವರು ನಮ್ಮನ್ನು ಒಯ್ಯಲಿಲ್ಲ.

ಕೆರೆಯಾದ ಗಂಗೆ

ಅಲ್ಲಿಂದ ದಕ್ಷಿಣಕ್ಕೆ, ಚಾ ತೋಟಗಳನ್ನು ದಾಟಿದರೆ ಗಂಗಾ ತಲಾವ್. ಇದೂ ಜ್ವಾಲಾಮುಖಿಯ ಬಾಯಿಯೇ, ಆದರೆ ತುಂಬ ನೀರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತ್ರಿಯೋಲೆ ಎಂಬ ಊರಿನ ಪುರೋಹಿತರೊಬ್ಬರಿಗೆ ಈ ಕೆರೆಯ ನೀರು ಗಂಗೆಯಿಂದಲೇ ಬಂದುದೆಂದು ಕನಸಾಯಿತಂತೆ. ಅಂದಿನಿಂದ ಶಿವರಾತ್ರಿಗೆ ದ್ವೀಪದ ಮೂಲೆಮೂಲೆಗಳಿಂದ ಜನ ಬಿಳಿ ಬಟ್ಟೆಯುಟ್ಟು ನಡೆದು ಬರುತ್ತಾರೆ. 1972ರಲ್ಲಿ ನಿಜವಾದ ಗಂಗಾಜಲವನ್ನು ತಂದು ಇದಕ್ಕೆ ಸುರಿದರು. ದಾರಿಯ ಬದಿಯಲ್ಲಿ 33 ಮೀಟರ್ ಎತ್ತರದ ಶಿವನೂ ಅಷ್ಟೇ ಎತ್ತರದ ದುರ್ಗೆಯೂ ನಿಂತಿದ್ದಾರೆ.

ಕೆರೆಯ ಮೆಟ್ಟಿಲಲ್ಲಿ ನಿಂತಾಗ ನಮಗೆ ಅನಂತಪುರದ ಕೆರೆ ನೆನಪಾಯಿತು. 2022ರಲ್ಲಿ ತೀರಿಹೋದ ನಮ್ಮ ಬಬಿಯನ ಕಥೆ ಹೇಳಿದಾಗ, ಅನ್ನ ತಿನ್ನುವ ಮೊಸಳೆಯೇ ಎಂದು ಚಾಲಕರು ಕಣ್ಣರಳಿಸಿದರು. ಇಲ್ಲಿ ಮೊಸಳೆ ಇಲ್ಲ. ಮೀನು ಮತ್ತು ಹಾವುಮೀನು ಇವೆ, ನೈವೇದ್ಯದ ಬಾಳೆಹಣ್ಣು ಕಸಿಯುವ ಮಂಗಗಳಿವೆ. ನಮ್ಮ ಮಗಳ ಕೈಯ ಹಣ್ಣೂ ಹೋಯಿತು.

ಅಲ್ಲಿಂದ ಮುಂದೆ ಪ್ಲೇನ್ ಶಾಂಪೇನ್ ಎಂಬ ಎತ್ತರದ ಬಯಲಿನ ದಾರಿ. ಎರಡೂ ಬದಿಗೆ ಪೊದೆಗಳಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಕೆಂಪು ಹಣ್ಣು. ಜನ ಕಾರು ನಿಲ್ಲಿಸಿ ಚೀಲ ತುಂಬಿಸಿಕೊಳ್ಳುತ್ತಿದ್ದರು. ಅದು ಚೀನೀ ಪೇರಳೆ. ಉಪ್ಪು, ಮೆಣಸಿನ ಪುಡಿ ಹಚ್ಚಿ ತಿಂದರೆ ಹುಳಿ ಸಿಹಿ. ತಿನ್ನಲು ರುಚಿ, ಆದರೆ ಕಾಡಿಗೆ ಇದು ಶತ್ರು. ಹೊರಗಿನಿಂದ ಬಂದ ಈ ಗಿಡ ಹಬ್ಬಿ, ಅಲ್ಲಿಯದೇ ಆದ ಮರಗಳ ಸಸಿ ಏಳದಂತೆ ಮಾಡಿದೆ. ಡಚ್ಚರು 1598ರಲ್ಲಿ ಬಂದಾಗ ದ್ವೀಪವಿಡೀ ಕಾಡು. ಅವರು ಕರಿಮರವನ್ನು ಕಡಿದರು, ಮುಂದೆ ಬಂದವರು ಕಬ್ಬಿಗಾಗಿ ಉಳಿದುದನ್ನು ಕಡಿದರು. ಮೂಲದ ಒಳ್ಳೆಯ ಕಾಡು ಈಗ ನೂರರಲ್ಲಿ ಎರಡು ಪಾಲೂ ಇಲ್ಲ. ಹಾರಲಾರದ ಡೋಡೋ ಹಕ್ಕಿ ಹದಿನೇಳನೆಯ ಶತಮಾನದಲ್ಲೇ ಅಳಿಯಿತು. ಈಗ ಅದು ಟೀ ಶರಟು, ಕೀಲಿಗೊಂಚಲುಗಳಲ್ಲಿ ಮಾತ್ರ ಇದೆ.

ಆದರೆ ಎಲ್ಲವೂ ಅಳಿಯಲಿಲ್ಲ. ಬ್ಲ್ಯಾಕ್ ರಿವರ್ ಕಣಿವೆಯ ನೋಟದ ಕಟ್ಟೆಯಲ್ಲಿ ನಿಂತರೆ ಕೆಳಗೆ ಹಸಿರು ಕಮರಿ, ಅದರಾಚೆ ಪಡುವಣ ಕಡಲಿನ ನೀಲಿ ಪಟ್ಟಿ. 1994ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಇಲ್ಲಿಯ ಕೆಸ್ಟ್ರೆಲ್ ಎಂಬ ಪುಟ್ಟ ಗಿಡುಗ 1974ರ ಹೊತ್ತಿಗೆ ಕಾಡಿನಲ್ಲಿ ನಾಲ್ಕೇ ನಾಲ್ಕು ಉಳಿದಿತ್ತು. ಮೊಟ್ಟೆಗಳನ್ನು ತೆಗೆದು ಕಾವು ಕೊಟ್ಟು, ಮರಿಗಳನ್ನು ಸಾಕಿ ಬಿಟ್ಟು, ಆ ನಾಲ್ಕನ್ನು ನೂರಾರಕ್ಕೆ ಏರಿಸಿದರು. ನಾಲ್ಕರಿಂದ! ನಮ್ಮ ಮಗಳು ಅದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು.

ಏಳು ಬಣ್ಣದ ಮಣ್ಣು

ಬೆಟ್ಟದ ತಿರುವುಗಳನ್ನು ಇಳಿದು ಶಾಮರೆಲ್ ಎಂಬ ಹಳ್ಳಿಗೆ ಬಂದಾಗ ಹನ್ನೊಂದೂವರೆ. ಟಿಕೆಟ್ ಪಡೆದು ಒಳಗೆ ಹೋದರೆ ಮೊದಲು ಜಲಪಾತ. ಎಂಬತ್ತು ಮೀಟರಿಗೂ ಎತ್ತರದ ಕಪ್ಪು ಬಂಡೆಯ ಗೋಡೆಯ ಮೇಲಿಂದ ನೀರು ನೇರ ಬೀಳುತ್ತದೆ. ಅದರಾಚೆ ಆ ಪ್ರಸಿದ್ಧ ಮಣ್ಣು. ಗುಡ್ಡೆಯ ಇಳಿಜಾರಿನಲ್ಲಿ ಹುಲ್ಲುಕಡ್ಡಿಯೂ ಇಲ್ಲದ ಬೋಳು ದಿಬ್ಬಗಳು, ಬಟ್ಟೆ ಮಡಿಸಿಟ್ಟಂತೆ ಅಲೆ ಅಲೆ. ಕೆಂಪು, ಕಂದು, ಹಳದಿ, ನೇರಳೆ, ನೀಲಿಯ ಛಾಯೆಗಳು. ಏಳು ಎಂದು ಹೇಳುತ್ತಾರೆ. ನಾವು ಐದು ಎಣಿಸಿದೆವು, ಮಗಳು ಒಂಬತ್ತು ಎಣಿಸಿದಳು. ಮೋಡ ಸರಿದು ಬಿಸಿಲು ಬಿದ್ದಾಗ ಬಣ್ಣಗಳು ಬದಲಾಗುತ್ತವೆ.

ಇದರ ಗುಟ್ಟು ನಮ್ಮವರಿಗೆ ಸುಲಭವಾಗಿ ತಿಳಿಯಬಹುದು. ಲಾವಾ ಬಂಡೆ ಬಿಸಿಲು, ಮಳೆಗೆ ಸಾವಿರಾರು ವರ್ಷ ಕೊಳೆತು ಜೇಡಿಯಾಗುತ್ತದೆ. ಕರಗುವ ಅಂಶಗಳೆಲ್ಲ ನೀರಿನಲ್ಲಿ ಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿಯುತ್ತವೆ. ಕಬ್ಬಿಣದಿಂದ ಕೆಂಪು, ಕಂದು. ಅಲ್ಯುಮಿನಿಯಂ ಹೆಚ್ಚಿದಲ್ಲಿ ನೀಲಿ, ನೇರಳೆ. ನಮ್ಮ ಮುರಕಲ್ಲಿನ ಕೆಂಪಿಗೂ ಇಂಥ ಕೊಳೆತವೇ ಕಾರಣ. 1800–01ರಲ್ಲಿ ಮಲಬಾರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಮಲಪ್ಪುರದ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, 1807ರ ತನ್ನ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಇಂದು ಜಗತ್ತೆಲ್ಲ ಆ ಹೆಸರನ್ನು ಬಳಸುತ್ತದೆ. ಅಂದರೆ ನಾವು ಮನೆ ಕಟ್ಟುವ ಕಲ್ಲಿನ ಬಂಧುವನ್ನು ನೋಡಲು ಹಣ ಕೊಟ್ಟು ಟಿಕೆಟ್ ಪಡೆದಿದ್ದೆವು. ಇದನ್ನು ಹೇಳಿದಾಗ ಚಾಲಕರು ಮನಸಾರೆ ನಕ್ಕರು.

ಅಲ್ಲಿಯೇ ಬೇಲಿಯೊಳಗೆ ದೈತ್ಯ ಆಮೆಗಳಿವೆ. ಮಾರಿಶಸ್ಸಿನ ಸ್ವಂತ ಆಮೆಗಳನ್ನು ಹಡಗಿನವರು ತಿಂದು ಮುಗಿಸಿದ್ದರಿಂದ, ಇವನ್ನು ಅಲ್ದಾಬ್ರಾ ದ್ವೀಪದ ತಳಿಯಿಂದ ತಂದು ಸಾಕಿದ್ದಾರೆ.

ನೋಟಿನ ಮೇಲಿನ ಸಾಲು

ಊಟಕ್ಕೆ ದೊಡ್ಡ ಹೋಟೆಲು ಬೇಡವೆಂದೆವು. ಚಾಲಕರು ದಾರಿಬದಿಯ ಗಾಡಿಯೊಂದರಿಂದ ‘ದೋಲ್ ಪುರಿ’ ಕಟ್ಟಿಸಿ ತಂದರು. ಬಟಾಣಿ ಬೇಳೆ ತುಂಬಿದ ತೆಳ್ಳಗಿನ ರೊಟ್ಟಿ, ಒಳಗೆ ಕಾಳಿನ ಪಲ್ಯ, ಚಟ್ನಿ. ಹೋಳಿಗೆಯಿಂದ ಬೆಲ್ಲ ಕಳೆದು ಖಾರ ಸೇರಿಸಿದಂತೆ. ಜತೆಗೆ ನಮ್ಮ ಮಸಾಲೆವಡೆಯೇ; ಅದಕ್ಕೆ ‘ಗಾತೋ ಪಿಮಾಂ’ ಎಂದು ಫ್ರೆಂಚ್ ಹೆಸರು, ಖಾರದ ಕೇಕು ಎಂದರ್ಥ.

ಪಶ್ಚಿಮದ ಕಡಲ ತಡಿಯಲ್ಲಿ, ಲೆ ಮಾರ್ನ್ ಬೆಟ್ಟದ ಬುಡದಲ್ಲಿ ಗಾಳಿಮರದ ನೆರಳಿನಲ್ಲಿ ಕುಳಿತು ತಿಂದೆವು. ದ್ವೀಪದ ಸುತ್ತ ಹವಳದ ದಿಬ್ಬವಿರುವುದರಿಂದ ಅಲೆಗಳು ದೂರದಲ್ಲೇ ಒಡೆಯುತ್ತವೆ. ದಡದಲ್ಲಿ ನೀರು ಕೆರೆಯಂತೆ ಸ್ತಬ್ಧ. ವರ್ಷವರ್ಷ ಕಡಲ್ಕೊರೆತ ಕಾಣುವ ನಮಗೆ ಇದೊಂದು ಸೋಜಿಗ. ತಲೆಯ ಮೇಲೆ 556 ಮೀಟರಿನ ಬಂಡೆಬೆಟ್ಟ. ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಅದರ ಗುಹೆಗಳಲ್ಲಿ ಅಡಗಿದ್ದರು. 1835ರಲ್ಲಿ ಗುಲಾಮಗಿರಿ ರದ್ದಾಯಿತೆಂದು ತಿಳಿಸಲು ಪೊಲೀಸರು ಬೆಟ್ಟ ಹತ್ತಿದಾಗ, ಹಿಡಿಯಲು ಬಂದರೆಂದು ತಿಳಿದು ಅವರು ಮೇಲಿಂದ ಹಾರಿಕೊಂಡರೆಂದು ಜನರ ಕಥೆ. 2008ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಗುಲಾಮರು ಹೋದ ಮೇಲೆ ಕಬ್ಬು ಕಡಿಯುವವರಾರು? ಅದಕ್ಕೆ ಭಾರತದಿಂದ ಕರಾರಿನ ಕೂಲಿಗಳು ಬಂದರು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಎಂಬ ಹಡಗಿನಿಂದ 36 ಮಂದಿ ಪೋರ್ಟ್ ಲೂಯಿಯಲ್ಲಿ ಇಳಿದರು. 1920ರ ವರೆಗೆ ಹೀಗೆ ಬಂದವರು ಸುಮಾರು ಐದು ಲಕ್ಷ. ಅವರು ಹತ್ತಿದ ಕಲ್ಲಿನ ಮೆಟ್ಟಿಲುಗಳು ಆಪ್ರವಾಸಿ ಘಾಟಿನಲ್ಲಿ ಇಂದಿಗೂ ಇವೆ. ನವೆಂಬರ್ 2 ಅಲ್ಲಿ ಸಾರ್ವಜನಿಕ ರಜೆ. ಅದರ ಹಿಂದಿನ ದಿನ, ನವೆಂಬರ್ 1, ಗಡಿಯ ನಮಗೆ ಏನೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ಚಾಲಕರು ಒಂದು ಕಾಗದ ತಂದು ತೋರಿಸಿದರು. ಮೋಕಾದ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿ ಕೂಲಿಗಳ ಹಳೆಯ ದಾಖಲೆಗಳನ್ನು ಕಾಪಾಡಿದ್ದಾರೆ. ಅಲ್ಲಿಂದ ಪಡೆದ, ಮುತ್ತಜ್ಜನ ತಂದೆಯ ವಿವರ. ಒಂದು ಸಂಖ್ಯೆ, ಹೆಸರು, ವಯಸ್ಸು, ಮದರಾಸಿನಿಂದ ಹೊರಟ ಹಡಗು. ಊರಿನ ಹೆಸರು ಮಾತ್ರ ಗುಮಾಸ್ತನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿದ್ದು. “ನೀವು ಮೇಷ್ಟರಲ್ಲವೇ, ಇದು ಯಾವ ಊರು?” ಎಂದು ಕೇಳಿದರು. ಹಿಂದೆ ಮುಂದೆ ಮಾಡಿ ಓದಿದೆವು. ಯಾವ ಊರೂ ಅದರಿಂದ ಹುಟ್ಟಲಿಲ್ಲ. ಅವರು ಕಾಗದವನ್ನು ಜೋಪಾನವಾಗಿ ಮಡಿಸಿಟ್ಟರು. ಇದೇ ಪ್ರಶ್ನೆಯನ್ನು ಎಷ್ಟೋ ಪ್ರವಾಸಿಗಳಲ್ಲಿ ಕೇಳಿರಬೇಕು.

ಪ್ರತಿ ವರ್ಷ ತೈಪೂಸಕ್ಕೆ ಕಾವಡಿ ಹೊರುತ್ತಾರಂತೆ. ಹಾಡುವ ಪದಗಳನ್ನು ರೋಮನ್ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ, ಅರ್ಥ ಗೊತ್ತಿಲ್ಲ. ಒಂದೆರಡು ಸಾಲು ಹೇಳಿದರು. ‘ಮಲೈ’ ಎಂದರೆ ನಮ್ಮ ಮಲೆ, ಬೆಟ್ಟ, ‘ಮಯಿಲ್’ ನವಿಲು, ‘ವೇಲ್’ ಕೈಯ ಶೂಲ ಎಂದು ನಾವು ಬಿಡಿಸಿ ಹೇಳಿದೆವು. ಮಯಿಲ್ ಎಂಬುದು ನಮಗೆ ತಿಳಿದದ್ದು ಮಲೆಯಾಳದಿಂದ. ಕನ್ನಡಕ್ಕಾಗಿ ಅದರೊಡನೆ ಎಷ್ಟೋ ಬಾರಿ ಮುನಿದವರು ನಾವು. ಆ ಹೊತ್ತಿಗೆ ಅದೇ ನೆರವಿಗೆ ಬಂತು. ಅವರು ಪೆನ್ನು ತೆಗೆದು ಮೂರು ಶಬ್ದಗಳ ಅರ್ಥವನ್ನೂ ಬರೆದುಕೊಂಡರು.

ಭಾಷೆ ಹೇಗೆ ಹೋಯಿತೆಂದು ಕೇಳಿದೆವು. ಯಾರೂ ಕಸಿದುಕೊಳ್ಳಲಿಲ್ಲ ಎಂದರು. ಕೋರ್ಟು, ಕಚೇರಿಗೆ ಇಂಗ್ಲಿಷ್, ಪತ್ರಿಕೆ, ಒಳ್ಳೆಯ ಕೆಲಸಕ್ಕೆ ಫ್ರೆಂಚ್, ಬೀದಿಗೆ ಕ್ರಿಯೋಲ್. ಅಜ್ಜಿ ತಮಿಳು ಮಾತಾಡುತ್ತಿದ್ದರು. ಅಪ್ಪ ಕೇಳಿ ಕ್ರಿಯೋಲಿನಲ್ಲಿ ಉತ್ತರಿಸುತ್ತಿದ್ದರು. ಇವರು ಕೇಳಲೂ ಇಲ್ಲ. ಮೂರೇ ತಲೆ. ಶಾಲೆಯಲ್ಲಿ ತಮಿಳು, ತೆಲುಗು, ಮರಾಠಿ, ಹಿಂದಿ, ಉರ್ದು ಇವೆಲ್ಲ ಕಲಿಯಬಹುದು. ಆದರೆ ಪರೀಕ್ಷೆ ಮುಗಿದರೆ ಪುಸ್ತಕ ಮುಚ್ಚಿತು. ಹಿಂದೆ ಹಳ್ಳಿಹಳ್ಳಿಗಳಲ್ಲಿ ಕೇಳುತ್ತಿದ್ದ ಭೋಜಪುರಿಯ ಪಾಡೂ ಇದೇ. 2000ದ ಜನಗಣತಿಯಲ್ಲಿ ನೂರಕ್ಕೆ 12 ಮಂದಿ ಅದನ್ನು ಮನೆಮಾತೆಂದು ಬರೆಸಿದ್ದರೆ, 2011ರಲ್ಲಿ ಐದು ಮಂದಿ. “ಕ್ರಿಯೋಲ್ ಬಗ್ಗೆ ನನಗೆ ನಾಚಿಕೆಯಿಲ್ಲ, ಅದು ನನ್ನ ಭಾಷೆ. ಆದರೆ ಅಜ್ಜಿ ಏನು ಹೇಳುತ್ತಿದ್ದರೆಂದು ತಿಳಿಯಲೇ ಇಲ್ಲ” ಎಂದರು.

ಹಾಗೆಂದು ಅಭಿಮಾನ ಹೋಗಿಲ್ಲ. ಅಲ್ಲಿಯ ನೋಟುಗಳ ಮೇಲೆ ಮೌಲ್ಯವನ್ನು ಇಂಗ್ಲಿಷ್, ತಮಿಳು, ಹಿಂದಿ ಈ ಕ್ರಮದಲ್ಲಿ ಮುದ್ರಿಸುತ್ತಾರೆ. 1998ರ ಕೊನೆಯಲ್ಲಿ ಬಂದ ಹೊಸ ನೋಟುಗಳಲ್ಲಿ ಹಿಂದಿ ಮೇಲೆ, ತಮಿಳು ಕೆಳಗೆ ಆಯಿತು. ಕೂಲಿಗಳಿಗಿಂತ ನೂರು ವರ್ಷ ಮೊದಲೇ, ಫ್ರೆಂಚರ ಕಾಲದಲ್ಲಿ ಪುದುಚ್ಚೇರಿಯಿಂದ ಬಂದು ಪೋರ್ಟ್ ಲೂಯಿ ಕಟ್ಟಿದ ಕಲ್ಲುಕುಟಿಗರು, ಬಡಗಿಗಳು ತಮ್ಮವರೆಂದು ತಮಿಳು ಮೂಲದವರು ಸಿಡಿದೆದ್ದರು. ಸರಕಾರ ನೋಟುಗಳನ್ನು ಹಿಂದಕ್ಕೆ ಪಡೆದು, 1999ರಲ್ಲಿ ಹಳೆಯ ಕ್ರಮದಲ್ಲೇ ಮತ್ತೆ ಅಚ್ಚು ಹಾಕಿಸಿತು. ಆ ಮೆರವಣಿಗೆಯಲ್ಲಿ ತಾನೂ ಇದ್ದೆ ಎಂದರು ಚಾಲಕರು. “ಆದರೆ ಆ ಸಾಲನ್ನು ಓದಲು ನನಗೆ ಬರುವುದಿಲ್ಲ” ಎಂದು ತಾವೇ ಸೇರಿಸಿದರು.

ನಾವು ಹುರುಪಿನಿಂದ ನಮ್ಮ ಐನೂರರ ನೋಟು ತೆಗೆದು, ಹದಿನೈದು ಭಾಷೆಗಳ ಪಟ್ಟಿ ತೋರಿಸಿದೆವು. ನಾಲ್ಕನೆಯದು ಕನ್ನಡ, ಏಳನೆಯದು ಮಲೆಯಾಳ. ಅವರು ನೋಟನ್ನು ಮಗಳ ಕೈಗೆ ಕೊಟ್ಟು, “ನಿಮ್ಮ ಭಾಷೆ ಹೇಗೆ ಕೇಳುತ್ತದೆ, ಓದಮ್ಮ” ಎಂದರು. ಅವಳು ಕಣ್ಣ ಹತ್ತಿರ ಹಿಡಿದು, “ಐ... ದು... ನೂ... ರು...” ಎಂದು ಬೆರಳಿಟ್ಟು ಓದಿದಳು. ಮನೆಯಲ್ಲಿ ಪಟಪಟನೆ ಕನ್ನಡ ಮಾತಾಡುವ ಹುಡುಗಿ. ಇಂಗ್ಲಿಷ್ ಮಾಧ್ಯಮದ ಶಾಲೆ, ಎರಡನೆಯ ಭಾಷೆ ಹಿಂದಿ. ಅಕ್ಷರ ಕಲಿಸಿದ್ದೆವು, ಓದಿಸಿರಲಿಲ್ಲ.

“ಇವಳು ನಿಮ್ಮ ಶಾಲೆಯಲ್ಲೇ ಕಲಿಯುವುದಲ್ಲವೇ?” ಎಂದು ಅವರು ಸಹಜವಾಗಿ ಕೇಳಿದರು. ಕನ್ನಡ ಮಾಧ್ಯಮದಲ್ಲಿ ಇಪ್ಪತ್ತು ವರ್ಷ ಕಲಿಸಿದವರು ನಾವು. ಜೂನ್ ಬಂತೆಂದರೆ ಮನೆಮನೆಗೆ ಹೋಗಿ, ಮಕ್ಕಳನ್ನು ಕನ್ನಡ ತರಗತಿಗೆ ಸೇರಿಸಿ ಎಂದು ಕೇಳಿಕೊಂಡವರು. ಇಲ್ಲ ಎಂದೆವು. ಅವರು ಮತ್ತೇನೂ ಕೇಳಲಿಲ್ಲ. ಎಲೆಯಷ್ಟು ತೆಳ್ಳಗಿನ ಅಲೆಯೊಂದು ಬಂದು ಮರಳಿನಲ್ಲಿ ಇಂಗಿತು.

ಮರಳಿ ಬಂದ ಮೇಲೆ

ಮೇ ತಿಂಗಳಲ್ಲಿ ಅಲ್ಲಿ ಚಳಿಗಾಲದ ಆರಂಭ. ಆರು ಗಂಟೆಗೆ ಮೊದಲೇ ಸೂರ್ಯ ಮುಳುಗಿದ. ಕತ್ತಲಾಗುವಾಗ ಮನೆ ಸೇರಿದೆವು. ಗೊತ್ತುಪಡಿಸಿದ ಹಣದ ಜತೆ ಇನ್ನಷ್ಟು ಕೊಡಹೋದರೆ, ಮೂರು ಶಬ್ದ ಕಲಿಸಿದ್ದೀರಿ, ಸಾಕು ಎಂದು ಕೈಮುಗಿದರು.

ಜೂನ್ ಒಂದಕ್ಕೆ ಶಾಲೆ ತೆರೆಯಿತು. ಏಳು ಬಣ್ಣದ ಮಣ್ಣಿನ ಕಥೆಯನ್ನು ತರಗತಿಯಲ್ಲಿ ಹೇಳಿದೆವು. ನಾಲ್ಕು ಗಿಡುಗಗಳು ನೂರಾರು ಆದ ಕಥೆಯನ್ನೂ ಹೇಳಿದೆವು. ಮಕ್ಕಳಿಗೆ ಅದೇ ಹೆಚ್ಚು ಹಿಡಿಸಿತು. ಮಾತೂ ಹಕ್ಕಿಯಂತೆಯೇ; ಕಾವು ಕೊಡುವವರು ಬೇಕು. ಸರಕಾರದ ಆಜ್ಞೆ, ಕಚೇರಿಯ ಫಾರಂ, ಅಂಗಡಿಯ ಬೋರ್ಡು ಇವುಗಳಿಗಾಗಿ ನಾವು ಹೋರಾಡಲೇಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ನೋಟಿನ ಮೇಲಿನ ಸಾಲು ಗೆದ್ದ ಮನುಷ್ಯನಿಗೆ ಅದನ್ನು ಓದಲು ಬಾರದಿದ್ದುದನ್ನು ನಾವು ಕಣ್ಣಾರೆ ಕಂಡು ಬಂದಿದ್ದೇವೆ.

ಈಗ ರಾತ್ರಿ ಊಟಕ್ಕೆ ಮೊದಲು ಅರ್ಧ ಗಂಟೆ ಮಗಳು ಈ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾಳೆ. ಮೊದಲ ವಾರ ತಲೆಬರಹಗಳು, ಎರಡನೆಯ ವಾರ ಅಡಿಕೆ ಧಾರಣೆ, ಈಗ ಸುದ್ದಿಗಳು. ಒತ್ತಕ್ಷರ ಬಂದಲ್ಲಿ ಎಡವುತ್ತಾಳೆ. ಈ ಲೇಖನವನ್ನೂ ಅವಳೇ ಓದಬೇಕೆಂದು ಹೇಳಿದ್ದೇವೆ. ತನ್ನ ಬಾಳೆಹಣ್ಣು ಮಂಗ ಕಸಿದ ಸಂಗತಿಯನ್ನು ಬರೆದುದಕ್ಕೆ ಜಗಳವಾಡಿದರೆ, ಅಲ್ಲಿಯ ವರೆಗೆ ಓದಿದ್ದಾಳೆಂದು ನಮಗೆ ತಿಳಿಯುತ್ತದೆ.